ಒಂಬತ್ತು ಅಂಕಿಗಳ ಪರಮೇಶ್ವರಪ್ಪ

ದಾಸನಕೊಪ್ಪದ ಪರಮೇಶ್ವರಪ್ಪನವರು ಯಾವ ಸಂಖ್ಯೆಯನ್ನೂ ಒಂಟಿಯಾಗಿ ಬಾಯಿಂದ ಹೊರಗೆ ಕಳಿಸಿದವರಲ್ಲ. ಶಿರಸಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, "ಒಂಬತ್ತೂ ಹತ್ತಕ್ಕ ಬರತೈತ್ರಿ, ಆರು ನಿಮಿಷ ಆಕಡೆ ಈಕಡೆ" ಎನ್ನುವರು. ವಯಸ್ಸು ಕೇಳಿದರೆ, ಶಾಲೆಯ ದಾಖಲೆ ಹೇಳುವುದು ಇಷ್ಟು, ಅದರಲ್ಲಿ ಒಂದು ವರ್ಷದ ಅನುಮಾನವಿದೆ ಎಂದು ಸೇರಿಸುವರು. ಮಗಳನ್ನು ನೋಡಲು ಬಂದವರು ಹುಡುಗಿಯ ಎತ್ತರ ಕೇಳಿದಾಗ ಐದಡಿ ಎರಡಿಂಚು ಎಂದು ಹೇಳಿ ಸುಮ್ಮನಾಗಬಹುದಿತ್ತು. ಬೆಳಿಗ್ಗೆ ಎದ್ದಕೂಡಲೇ ಅಳೆದರೆ ಕಾಲಿಂಚು ಹೆಚ್ಚು ಬರುತ್ತದೆ ಎಂದೂ ತಿಳಿಸಿ, ಬೀಗರಾಗಬೇಕಾದವರು ಮುಖ ಮುಖ ನೋಡಿಕೊಳ್ಳುವಂತೆ ಮಾಡಿದರಂತೆ. ಮದುವೆಯೇನೋ ಆಯಿತು. "ಇವರು ಸಾರಿನ ಉಪ್ಪು ನೋಡಾಕ ಮೂರು ಸಲ ರುಚಿ ನೋಡತಾರ್ರಿ, ಮೂರನೇ ಸಲಕ್ಕ ಸಾರ ಆರಿರತೈತಿ" ಎಂದು ಅವರ ಹೆಂಡತಿ ಮುರಿಗೆವ್ವ ನನ್ನೆದುರೇ ದೂರಿದ್ದುಂಟು.

ನಾನು ಅವರನ್ನು ಮೊದಲು ಕಂಡದ್ದು ೧೯೯೯ರಲ್ಲಿ. ಶಿರಸಿಯಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನ ನಿರ್ವಾತ ಪಂಪು ಕೆಟ್ಟು ಎರಡು ವರ್ಷವಾಗಿತ್ತು. ದಾಸನಕೊಪ್ಪದಲ್ಲಿ ಗದ್ದೆಗೆ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಒಬ್ಬರಿದ್ದಾರೆ, ಹಿಂದೆ ಯಾವುದೋ ದೊಡ್ಡ ಪ್ರಯೋಗಾಲಯದಲ್ಲಿದ್ದವರು ಎಂದು ಯಾರೋ ಹೇಳಿದರು. ಬಂದವರು ಸಣಕಲು ದೇಹದ ಎತ್ತರದ ಮನುಷ್ಯ. ಜೇಬುಗಳನ್ನೆಲ್ಲ ಹೊಲಿಸಿ ಮುಚ್ಚಿಸಿದ ಬೂದುಬಣ್ಣದ ಕೋಟು. ಹಿಮ್ಮಡಿಯನ್ನು ನೆಲಕ್ಕೆ ಊರದೆ, ಮಲಗಿದ ಮಗುವಿನ ಪಕ್ಕದಲ್ಲಿ ಹಾದುಹೋಗುವವರಂತೆ ನಡೆಯುವರು. ಪಂಪಿನ ಮೇಲೆ ಬಾಗಿದಾಗ ಮಾತನಾಡಬೇಕಾಗಿ ಬಂದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಮಾತನಾಡುವರು. ಇವೆಲ್ಲವೂ ಹಳೆಯ ಉದ್ಯೋಗ ಅವರ ಮೈಯಲ್ಲಿ ಬಿಟ್ಟುಹೋದ ಗುರುತುಗಳೆಂದು ನನಗೆ ತಿಳಿದದ್ದು ಆಮೇಲೆ. ಜೇಬಿನಿಂದ ಒಂದು ನಾಣ್ಯ ಜಾರಿದರೆ ಆಕಾಶಕ್ಕೆ ಹೋಗಬೇಕಾದ ಉಪಕರಣ ಹಾಳು; ಒಂದು ಉಸಿರು ತಾಗಿದರೆ ಅದರ ಬಾಯಿಗೆ ಬಿಗಿದ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪ್ಲಾಸ್ಟಿಕ್ ಪೊರೆ ಹರಿದುಹೋಗುತ್ತದೆ.

ನಕ್ಷತ್ರಗಳಿಂದ ಹೊರಡುವ ಕ್ಷ-ಕಿರಣಗಳು ವಾಯುಮಂಡಲವನ್ನು ದಾಟಿ ನೆಲ ಮುಟ್ಟುವುದಿಲ್ಲ; ಅವನ್ನು ಕಾಣಬೇಕಾದರೆ ದೂರದರ್ಶಕವನ್ನೇ ಆಕಾಶಕ್ಕೆ ಕಳಿಸಬೇಕು. ಕಳಿಸಿದ ಮೇಲೆ ಅದನ್ನು ಕೈಯಿಂದ ಮುಟ್ಟಿ ತಿದ್ದುವಂತಿಲ್ಲ. ಆದ್ದರಿಂದ ಹೊರಡುವ ಮೊದಲೇ, ಅಲ್ಯೂಮಿನಿಯಂ, ಟೈಟಾನಿಯಂ, ತಾಮ್ರ ಮೊದಲಾದ ಲೋಹಗಳಿಂದ ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಹೊಮ್ಮಿಸಿ, ಇಷ್ಟು ಕಿರಣ ಬಿದ್ದಾಗ ಉಪಕರಣ ಇಷ್ಟನ್ನು ಎಣಿಸುತ್ತದೆ, ಅದರ ಬಾಯಿಯ ಪೊರೆ ಇಷ್ಟನ್ನು ನುಂಗುತ್ತದೆ ಎಂದು ಅಳೆದು ಪಟ್ಟಿ ಮಾಡಬೇಕು. ಡಿಪ್ಲೊಮಾ ಓದಿದ ಪರಮೇಶ್ವರಪ್ಪನವರು ಇಪ್ಪತ್ತು ವರ್ಷ ಮಾಡಿದ ಕೆಲಸ ಇದೊಂದೇ. ಸಿದ್ದಾಪುರದ ಒಂದು ಶಾಲೆಯ ವಿಜ್ಞಾನ ದಿನಕ್ಕೆ ಅವರನ್ನು ಕರೆದೊಯ್ದಿದ್ದೆ. ಆಕಾಶದಲ್ಲಿ ತಾವು ಏನು ಕಂಡುಹಿಡಿದಿರಿ ಎಂದು ಮುಖ್ಯಾಧ್ಯಾಪಕರು ಕೇಳಿದರು. "ಏನೂ ಇಲ್ರಿ. ಕಂಡವರು ಬ್ಯಾರೆ. ಅವರ ಕಣ್ಣಿನ ಚಾಳೀಸು ತಿಕ್ಕಿ ಕೊಟ್ಟಾವ ನಾನು" ಎಂದು ಹೇಳಿ ಕೂತುಬಿಟ್ಟರು. ಭಾಷಣ ಅಷ್ಟೇ.

ಇಂಥವರು ಮಾಡಿದ ಪಟ್ಟಿಯೊಂದು ನಮ್ಮ ಮನೆಯ ಹುಡುಗಿಯ ದಾರಿಗೆ ಅಡ್ಡ ಬಂದೀತೆಂದು ನಾನು ಎಣಿಸಿರಲಿಲ್ಲ. ನನ್ನ ತಂಗಿಯ ಮಗಳು ಮೇಧಾ, ಯಲ್ಲಾಪುರದವಳು, ಖಗೋಳಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪರಮೇಶ್ವರಪ್ಪನವರು ೧೯೯೫ರಲ್ಲಿ ಅಳೆದು ಕಳಿಸಿದ ಉಪಕರಣವೇ ಕಳಿಸಿದ ಮಾಹಿತಿಯಿಂದ, ಒಂದು ಜೋಡಿ ನಕ್ಷತ್ರದಲ್ಲಿ ಕಡಿಮೆ ಶಕ್ತಿಯ ಕಿರಣಗಳು ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತಿವೆ, ಅಲ್ಲಿ ಯಾರೂ ಕಾಣದ ಅನಿಲದ ಮೋಡವೊಂದಿದೆ ಎಂದು ತೋರಿಸಿದ್ದಳು. ಮೂರು ವರ್ಷದ ದುಡಿಮೆ. ಪ್ರಬಂಧ ಒಪ್ಪಿಸಲು ಎರಡು ತಿಂಗಳು ಉಳಿದಿತ್ತು. ಅಷ್ಟರಲ್ಲಿ ಬೇರೆ ಎರಡು ನಕ್ಷತ್ರಗಳಲ್ಲೂ ಅದೇ ಹೆಚ್ಚುವರಿ ಸಣ್ಣಗೆ ಇಣುಕಿ, ಇದು ನಕ್ಷತ್ರದ್ದೋ ಉಪಕರಣದ ಪಟ್ಟಿಯ ತಪ್ಪೋ ಎಂದು ಅವಳನ್ನು ಕಂಗೆಡಿಸಿತು. ಆ ಉಪಕರಣದ ಅಳತೆಯ ಪುಸ್ತಕದ ಜೆರಾಕ್ಸ್ ಹಿಡಿದುಕೊಂಡು ೨೦೦೨ರ ಏಪ್ರಿಲ್‌ನಲ್ಲಿ ಶಿರಸಿಗೆ ಬಂದಳು. ನಾನೇ ಅವಳನ್ನು ದಾಸನಕೊಪ್ಪಕ್ಕೆ ಕರೆದುಕೊಂಡು ಹೋದೆ.

"ಬರ್ರಿ ಮಾಸ್ತರ್ರ, ಕುಂದರ್ರಿ" ಎಂದು ಅಂಗಡಿಯ ಬೆಂಚಿನ ಮೇಲಿದ್ದ ಪಂಪನ್ನು ಸರಿಸಿದರು. ಮೇಧಾ ಬಂದ ಕೆಲಸ ಹೇಳಿ ಹಾಳೆಗಳನ್ನು ಕೊಟ್ಟಳು. ತಮ್ಮದೇ ಅಕ್ಷರವನ್ನು ಅವರು ಬಹಳ ಹೊತ್ತು ನೋಡಿದರು. ಒಂದು ಪುಟದಲ್ಲಿ ಬೆರಳು ನಿಂತಿತು.

"ಇದು ಒಂದ ದಿನದ್ದೇನವಾ?"

"ಹೌದು. ತಾರೀಖು ಒಂದೇ ಇದ್ದು... ಇದೆ" ಎಂದು ಮೇಧಾ ಮನೆಮಾತನ್ನು ತಿದ್ದಿಕೊಂಡಳು.

"ಹದಿನಾಕು ಅಳತಿ ಅದಾವು. ಒಂದಕ್ಕ ಮುಕ್ಕಾಲು ದಿನ ಬೇಕು. ಒಂದ ದಿನಕ್ಕ ಹದಿನಾಕು ಆಗಂಗಿಲ್ಲ ತಂಗಿ."

ಆಮೇಲೆ ಅವರೇ ಹೇಳಿದರು. ಐದನ್ನು ಆ ವಾರದಲ್ಲಿ ಅಳೆದದ್ದು ನಿಜ. ಉಳಿದ ಒಂಬತ್ತು ಅಳೆದದ್ದಲ್ಲ. ಹಿಂದಿನ ಉಪಕರಣದ ಪೊರೆಯ ಅಂಕಿಗಳನ್ನು ನೋಡಿ ಅದೇ ಪ್ರಮಾಣದಲ್ಲಿ ತುಂಬಿದ್ದು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಂಬಿಕೆ ಬರಲಿಲ್ಲ. ಉಪಕರಣ ಒಯ್ಯಲು ಲಾರಿ ಬಂದು ನಿಂತಿರಬೇಕು, ಮೇಲಿನವರ ಒತ್ತಾಯ ಇದ್ದಿರಬೇಕು ಎಂದು ನಾನೇ ಅವರ ಪರವಾಗಿ ಕಾರಣ ಹುಡುಕಿದೆ. ಅವರು ಕೈಯಾಡಿಸಿದರು.

"ಗಡಿಬಿಡಿ ಇತ್ತು, ಖರೆ. ಆದ್ರ ಅದಲ್ರಿ ಕಾರಣ. ಬ್ಯಾಸರ ಬಂದಿತ್ತು. ಅಷ್ಟು ವರ್ಷ ಅಳದೀನಿ, ಇದೂ ಹಂಗ ಇರತೈತಿ ಬಿಡು ಅನಿಸಿತು. ಮುಂದ ಅಳದರಾತು ಅಂದ್ಕೊಂಡೆ. ಮುಂದ ಅದು ಮ್ಯಾಲೆ ಹೋತು."

ಮೇಧಾ ಗೋಡೆಯ ಕಡೆ ನೋಡುತ್ತ ಕೂತಿದ್ದಳು. "ಮಾವ, ಆನು ಈಗ ಎಂತ ಬರೆಯವು?" ಎಂದು ಮೆಲ್ಲಗೆ ಕೇಳಿದಳು. ತಾನಿನ್ನು ಏನು ಬರೆಯಬೇಕೆಂಬ ಆ ಪ್ರಶ್ನೆಗೆ ಉತ್ತರವಾಗಿ ನಾನು ಆಡಿದ ಮಾತನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಏಳು ವರ್ಷದ ಹಿಂದಿನದು, ಏನೂ ನೆನಪಿಲ್ಲ ಎಂದುಬಿಡಿ, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ ಎಂದು ಪರಮೇಶ್ವರಪ್ಪನವರಿಗೆ ಹೇಳಿದೆ. ವಿಜ್ಞಾನ ಕಲಿಸುವ ಮೇಷ್ಟ್ರು ನಾನು. ಅವರು ಕೋಪಿಸಿಕೊಳ್ಳಲಿಲ್ಲ.

"ಅಲ್ಲಿರೋದನ್ನ ಯಾರೂ ಹತ್ತಿ ಹೋಗಿ ನೋಡಾಕ ಆಗಂಗಿಲ್ರಿ ಮಾಸ್ತರ್ರ. ಕೆಳಗಿದ್ದಾವ ಬರದದ್ದನ್ನ ಎಲ್ಲಾರೂ ನಂಬ್ಯಾರ. ಈ ತಂಗೀನೂ ನಂಬೇತಿ."

ಅಂದೇ ಪ್ರಯೋಗಾಲಯಕ್ಕೆ ಪತ್ರ ಬರೆದು ಸಹಿ ಹಾಕಿದರು. ವಾರ ಕಳೆದು ಉತ್ತರ ಬಾರದಿದ್ದಾಗ, ಬೂದುಬಣ್ಣದ ಕೋಟು ತೊಟ್ಟು ಮೇಧಾಳ ಜತೆ ತಾವೇ ಹೊರಟರು. ಆ ಪೊರೆಯನ್ನು ಕತ್ತರಿಸಿದ ಮೂಲ ಹಾಳೆಯ ತುಂಡೊಂದು ಅಲ್ಲಿಯ ಕಪಾಟಿನಲ್ಲಿ ಉಳಿದಿತ್ತು. ತಾವು ಕಲಿಸಿದ ಹುಡುಗರೇ ಈಗ ಅಧಿಕಾರಿಗಳಾಗಿದ್ದ ಕೋಣೆಯಲ್ಲಿ, ಸಂದರ್ಶಕರ ಚೀಟಿಯನ್ನು ಎದೆಗೆ ಸಿಕ್ಕಿಸಿಕೊಂಡು, ಹನ್ನೊಂದು ದಿನ ನಿಂತು ಆ ಒಂಬತ್ತನ್ನೂ ಅಳೆದರು. ಏಳು ಅಂಕಿಗಳು ಅವರು ಊಹಿಸಿದ್ದಕ್ಕೇ ಹೊಂದಿದವು. ಅತಿ ಕಡಿಮೆ ಶಕ್ತಿಯ ಎರಡು ಹೊಂದಲಿಲ್ಲ. ೧೯೯೫ರ ಪೊರೆ ಹಿಂದಿನ ಉಪಕರಣದ್ದಕ್ಕಿಂತ ತೆಳು, ಪಟ್ಟಿಯಲ್ಲಿದ್ದುದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಕಿರಣಗಳನ್ನು ಅದು ಒಳಗೆ ಬಿಡುತ್ತಿತ್ತು. ಆ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿದಾಗ ಮೇಧಾಳ ಅನಿಲದ ಮೋಡ ಇಲ್ಲವಾಯಿತು.

ಅವಳು ಎರಡು ದಿನ ಊಟ ಬಿಟ್ಟಳು. ಪರಮೇಶ್ವರಪ್ಪನವರ ಮೇಲೆ ಅವಳಿಗಿದ್ದ ಸಿಟ್ಟು ತಕ್ಷಣ ಹೋಯಿತೆಂದರೆ ಸುಳ್ಳಾದೀತು. ಹಳೆಯ ಪಟ್ಟಿಯನ್ನು ನಂಬಿ ಪ್ರಕಟವಾಗಿದ್ದ ಎರಡು ಲೇಖನಗಳನ್ನು ಅವುಗಳ ಲೇಖಕರು ಹಿಂತೆಗೆದುಕೊಂಡರು. ಅವರಲ್ಲೊಬ್ಬರು, ಪರಮೇಶ್ವರಪ್ಪನವರ ಹಳೆಯ ಮೇಲಧಿಕಾರಿ, ಮತ್ತೆ ಇವರ ಪತ್ರಕ್ಕೆ ಉತ್ತರಿಸಲಿಲ್ಲ. ಮುಂದಿನ ಉಪಕರಣಕ್ಕೆ ಸಲಹೆಗಾರರಾಗಿ ಬನ್ನಿ ಎಂದು ಬಂದಿದ್ದ ಕರೆ ಸದ್ದಿಲ್ಲದೆ ನಿಂತುಹೋಯಿತು. ಅದೊಂದಕ್ಕೆ ಅವರು ನೊಂದರೆಂದು ಮುರಿಗೆವ್ವನಿಂದ ತಿಳಿಯಿತು. ಮೇಧಾ ತಿದ್ದಿದ ಪಟ್ಟಿಯನ್ನೇ ಮೊದಲ ಅಧ್ಯಾಯವಾಗಿಸಿ, ಅದರ ಮೇಲೆ ಬೇರೆ ಪ್ರಬಂಧ ಕಟ್ಟಿ ೨೦೦೫ರಲ್ಲಿ ಪದವಿ ಪಡೆದಳು. ಈಗ ಆ ಉಪಕರಣದ ಮಾಹಿತಿಯನ್ನು ಯಾರು ಬಳಸಿದರೂ ಮೊದಲು ಬಿಡಿಸುವುದು ಅವಳ ಪಟ್ಟಿಯನ್ನು. ಪ್ರಬಂಧದ ಒಂದು ಪ್ರತಿಯನ್ನು ದಾಸನಕೊಪ್ಪಕ್ಕೆ ಅವಳೇ ಒಯ್ದು ಕೊಟ್ಟಳು. ಅವರು ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಮೊದಲ ಅಧ್ಯಾಯ ಪೂರ್ತಿ ಓದಿ, "ಇದರಾಗ ನಾ ಮಾಡಿದ್ದನ್ನ ಇನ್ನೂ ಬಿರುಸಾಗಿ ಬರೀಬೇಕಿತ್ತವಾ" ಎಂದರಂತೆ.

ಇಂಥವರನ್ನು ಪ್ರಾಮಾಣಿಕರೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಒಂಬತ್ತು ಸುಳ್ಳು ಅಂಕಿಗಳನ್ನು ಬರೆದವರೂ ಅವರೇ. ಎಂದೂ ತಪ್ಪದವರ ಪ್ರಾಮಾಣಿಕತೆಗೆ ಪರೀಕ್ಷೆಯೇ ಇರುವುದಿಲ್ಲ. ಒಮ್ಮೆ ಬೇಸರಕ್ಕೆ ಸೋತು, ಆ ಸೋಲು ಯಾರಿಗೂ ಕಾಣದ ಎತ್ತರದಲ್ಲಿ ಭದ್ರವಾಗಿದ್ದಾಗಲೂ ಕೆಳಗೆ ನಿಂತು ಅದು ನನ್ನದು ಎಂದು ಹೇಳಬಲ್ಲ ಕೆಲವರು ಇರುತ್ತಾರೆ. ಕಂಡುಹಿಡಿದವರ ಯಾದಿಯಲ್ಲಿ ಅವರ ಹೆಸರು ಸೇರುವುದಿಲ್ಲ. ಆ ಯಾದಿಯನ್ನು ಉಳಿದವರು ನಂಬಬಹುದಾಗಿರುವುದು ಅವರಿಂದ.