ಬೋರಯ್ಯನ ಕ್ಯಾಮೆರಾಕ್ಕೆ ಹುಣಸೆಹಣ್ಣು

ಎರಡು ಸಾವಿರದ ಐದನೇ ಇಸವಿ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಮನೆಯ ಮುಂಭಾಗದಲ್ಲೇ ಸ್ಟುಡಿಯೋ ಇಟ್ಟುಕೊಂಡಿದ್ದ ಕಾಂತರಾಜುವನ್ನು ಮದುವೆ ಮನೆಯವರು ಕೇಳುತ್ತಿದ್ದದ್ದು ಒಂದೇ ಮಾತು: "ಡಿಜಿಟಲ್ ಐತಾ?" ಇಲ್ಲವೆಂದರೆ, ಅವನು ತರಿಸಿದ ಕಾಫಿಯನ್ನು ಮಾತ್ರ ಬಿಡದೆ ಕುಡಿದು ಪಕ್ಕದ ಅಂಗಡಿಗೆ ನಡೆಯುತ್ತಿದ್ದರು. ಬರುವ ಲಗ್ನದ ಕಾಲಕ್ಕೆ ಡಿಜಿಟಲ್ ಕ್ಯಾಮೆರಾ ಕೊಳ್ಳದಿದ್ದರೆ ಅಂಗಡಿಗೆ ಬೀಗವೇ ಗತಿ.

ಆಗ ಅವನಿಗೆ ಅಪ್ಪ ನೆನಪಾದ. ಅಪ್ಪನೆಂದರೆ ಅಪ್ಪನಲ್ಲ, ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿದ್ದ ಅಪ್ಪನ ಮರದ ಕ್ಯಾಮೆರಾ. ಹದಿನೈದು ವರ್ಷದ ಹಿಂದೆ ತೀರಿಹೋದ ಬೋರಯ್ಯ ತಲೆಗೆ ಕರೀ ಬಟ್ಟೆ ಹೊದ್ದು ಅರ್ಧ ತಾಲ್ಲೂಕಿನ ಮುಖಗಳನ್ನು ಅದರಲ್ಲೇ ಹಿಡಿದಿದ್ದ. ಪ್ರತಿ ಆಯುಧಪೂಜೆಗೂ ತಾಯಿ ಸಾಕಮ್ಮ "ಒಂದ್ಸಲ ಕೆಳಕ್ಕಿಳ್ಸಿ ಒರ್ಸೋ" ಎನ್ನುವಳು. ಮಗರಾಯ ಏಣಿಯ ಮೇಲಿಂದಲೇ ಚೀಲಕ್ಕೊಂದು ಕುಂಕುಮದ ಬೊಟ್ಟಿಟ್ಟು ಇಳಿದುಬಿಡುವನು.

ಹಳೇ ಕ್ಯಾಮೆರಾಗಳ ಹುಚ್ಚು ಹಿಡಿಸಿಕೊಂಡಿದ್ದ ನಂಜನಗೂಡಿನ ನಿವೃತ್ತ ಮೇಷ್ಟ್ರು ಸಿದ್ದಮಲ್ಲಪ್ಪ ಅದು ಮಾರಾಟಕ್ಕಿದೆಯೆಂಬ ಸುದ್ದಿ ಕೇಳಿ ಬಂದರು. ಭೂತಗನ್ನಡಿ ಹಿಡಿದು, ಲೆನ್ಸಿನ ಹಿತ್ತಾಳೆ ಬಳೆಯ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಕೊರೆದಿದ್ದ ಲಂಡನ್ ಕಂಪನಿಯ ಹೆಸರನ್ನೂ ನಂಬರನ್ನೂ ಓದಿದರು. ತಿದಿಯಂತೆ ಹಿಗ್ಗಿ ಕುಗ್ಗುವ ತೊಗಲಿನ ಮಡಿಕೆಗಳೊಳಗೆ ಟಾರ್ಚ್ ಬಿಟ್ಟು ತೂತು ಹುಡುಕಿದರು.

"ನೂರು ವರ್ಷದ ಮಾಲು ಕಣ್ರೀ. ಮೂವತ್ತೆಂಟು ಸಾವಿರ ಕೊಡ್ತೀನಿ. ಶುಕ್ರವಾರ ದುಡ್ಡು ತರ್ತೀನಿ. ಅಲ್ಲೀಗಂಟ ಹೆಂಗೈತೋ ಹಂಗೇ ಇರ್ಲಿ, ಮುಟ್ಟಬ್ಯಾಡಿ."

ಮುಟ್ಟಬೇಡಿ! ಕಾಂತರಾಜು ಒಳಗೊಳಗೇ ನಕ್ಕ. ತಾತನ ಕಾಲದಲ್ಲಿ ಸಂತೆಯಲ್ಲಿ ಎತ್ತು ಕೊಂಡು ಮಾರಿದ ಮನೆತನ ಅವನದು. ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ ನಿಲ್ಲಿಸಿದರೆ ಬೆಲೆ ಏರುತ್ತದೆ, ಸಗಣಿ ಮೆತ್ತಿಕೊಂಡು ನಿಂತರೆ ಇಳಿಯುತ್ತದೆ. ಇದು ಗೊತ್ತಿಲ್ಲದ ಮೇಷ್ಟ್ರೇ ಇವರು? ಕೊಳಕು ತೋರಿಸಿ ಚೌಕಾಸಿ ಮಾಡುವ ಹುನ್ನಾರ. ತೊಳೆದಿಟ್ಟರೆ ಐವತ್ತು ಸಾವಿರಕ್ಕೆ ಮೋಸವಿಲ್ಲ.

ಗುರುವಾರ ಅವನು ಅಂಗಡಿಯ ಬಾಗಿಲನ್ನೇ ತೆರೆಯಲಿಲ್ಲ. ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಹಿತ್ತಾಳೆಯನ್ನು ಉಜ್ಜಿದ. ಲೆನ್ಸಿನ ಗಾಜು ಮಂಕಾಗಿ ಕಂಡಿತು, ಅದನ್ನೂ ಉಜ್ಜಿದ. ಮರಕ್ಕೂ ತೊಗಲಿಗೂ ಕೊಬ್ಬರಿ ಎಣ್ಣೆ ತಿಕ್ಕಿದ. ಸಾಕಮ್ಮ ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದಳು. ಹುಟ್ಟಿದಾಗಿನಿಂದ ಉಂಡ ತಟ್ಟೆಯನ್ನೂ ತೊಳೆಯದವನು ಆ ದಿನ ಬೆವರು ಸುರಿಸಿದ.

"ಆವಯ್ಯ ಮುಟ್ಬ್ಯಾಡ ಅಂದಿದ್ನಲ್ಲಪ್ಪಾ."

"ನಿಂಗೆ ಯಾಪಾರ ಗೊತ್ತಾಗಾಕಿಲ್ಲ, ಸುಮ್ಕಿರವ್ವ."

ಶುಕ್ರವಾರ ಬಂದ ಸಿದ್ದಮಲ್ಲಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟರು. ಕ್ಯಾಮೆರಾ ಹೊಸ ಕೊಡದ ಹಾಗೆ ಫಳಫಳ ಹೊಳೆಯುತ್ತಿತ್ತು. ಭೂತಗನ್ನಡಿ ತೆಗೆದರು. ಬಳೆಯ ಮೇಲಿನ ಹೆಸರು ಅಳಿಸಿಹೋಗಿತ್ತು. ಗಾಜಿನ ಮೇಲೆಲ್ಲ ಗೀರು. ಎಣ್ಣೆ ಕುಡಿದ ತೊಗಲು ಮಡಿಕೆ ಮಡಿಕೆಗೂ ಅಂಟಿಕೊಂಡಿತ್ತು.

"ಏನ್ರೀ ಮಾಡಿದ್ರಿ ಇದನ್ನ?" ಅವರ ದನಿ ಸಾವಿನ ಮನೆಯಲ್ಲಿ ಮಾತಾಡಿದಂತಿತ್ತು.

"ಕ್ಲೀನ್ ಮಾಡ್ದೆ, ಸಾ. ಈಗ ಐವತ್ತಾದ್ರೂ..."

"ಎರಡು ಸಾವಿರ. ಅದೂ ಹೋಟ್ಲಲ್ಲಿ ಅಲಂಕಾರಕ್ಕೆ ಇಡೋರು ಸಿಕ್ರೆ. ನಂಗೆ ಬ್ಯಾಡ." ಹೊರಡುವ ಮುನ್ನ ಮೇಷ್ಟ್ರು ಕ್ಯಾಮೆರಾವನ್ನು ಒಮ್ಮೆ ಸವರಿದರು. ಅವರ ಕಣ್ಣು ತುಂಬಿತ್ತು.

ಪಕ್ಕದ ಅಂಗಡಿಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾದ ಫ್ಲ್ಯಾಷ್ ಫಳಕ್ಕನೆ ಮಿಂಚಿತು. ಕಾಂತರಾಜು ಕ್ಯಾಮೆರಾ ಎತ್ತಿಕೊಂಡು ಬಂದು ಜಗಲಿಯ ಮೇಲೆ ಕುಳಿತ. ಅಂಗಡಿ ಹೋಯಿತೆಂಬ ಸಂಕಟ ಒಂದು ಕಡೆ; ಲೆನ್ಸಿನ ಗೀರುಗಳನ್ನು ನೋಡಿದಾಗ ಮೊದಲ ಸಲ ಅಪ್ಪನಿಗಾಗಿ ಬಂದ ಅಳು ಇನ್ನೊಂದು ಕಡೆ.

ಸಾಕಮ್ಮ ಬಂದು ಕ್ಯಾಮೆರಾವನ್ನು ಮಡಿಲಿಗೆಳೆದುಕೊಂಡು, ಬಳೆಯ ಸಂದಿಯಲ್ಲಿ ಉಗುರಿನಷ್ಟು ಉಳಿದಿದ್ದ ಇಟ್ಟಿಗೆ ಪುಡಿಯನ್ನು ಸೆರಗಿನಿಂದ ಮೆಲ್ಲಗೆ ತೆಗೆದಳು.

"ಅದಿನೈದು ವರ್ಸ ಒರ್ಸು ಒರ್ಸು ಅಂತ ಬಡ್ಕಂಡೆ, ಒರ್ಸ್ನಿಲ್ಲ. ಮುಟ್ಬ್ಯಾಡ ಅಂದ್ ದಿನ ಉಜ್ದೆ," ಎಂದಳು.