ಒಂದು ಕಾಗದಕ್ಕೆ ಒಂದೇ ಅಣಬೆ

ಅಣಬೆ ಸಂಘದ ಶರತ್ಕಾಲದ ಕೂಟದಲ್ಲಿ ಗುರುತು ಹೇಳುವ ಕುರ್ಚಿ ಮಿನೆಗಿಶಿ ಮೇಷ್ಟ್ರದು. ಶಿನಾನೊ ಬೆಟ್ಟದ ಜನ ಬುಟ್ಟಿ ತಂದಿಟ್ಟರೆ, ತಿನ್ನುವುದು ಯಾವುದು, ನಂಜು ಯಾವುದು ಎಂದು ಹೇಳುವವರು ಅವರೇ. ತಲೆ ಕಪ್ಪಗಿದ್ದಾಗಿನಿಂದ ಆ ಕುರ್ಚಿಯನ್ನು ಅವರು ಬಿಟ್ಟುಕೊಟ್ಟವರಲ್ಲ.

ಅವತ್ತು ಅವರ ಶಿಷ್ಯೆ ಚಿಗುಸಾ ಎದ್ದು ನಿಂತು, ಹೇಳಲೇಬೇಕಾದ್ದನ್ನು ಹೇಳಿದಳು. ಮೇಷ್ಟ್ರು ಹೊಸ ಜಾತಿಯೆಂದು ಸಾರಿ, ತೀರಿಕೊಂಡ ಹೆಂಡತಿ ಫುಯುಕೊಳ ಹೆಸರಿಟ್ಟಿದ್ದ ಬಿಳಿ ಅಣಬೆ ಹೊಸದೇ ಅಲ್ಲ. ಡಿಎನ್‌ಎ ಪ್ರಕಾರ ಅದು ಹಿತ್ತಲಲ್ಲೂ ಏಳುವ ಮಾಮೂಲಿ ಅಣಬೆ. ಅದು ಹೊಸದು ಅನ್ನಿಸುವಂತೆ ಮಾಡಿದ್ದ ಗಂಟುಗಂಟಾದ ಬೀಜಕಣಗಳು ಇನ್ನೊಂದು ಅಣಬೆಯವು. ಹೇಗೋ ಇದರ ಮೇಲೆ ಉದುರಿವೆ.

ಹೇಗೋ ಅಂದಳಲ್ಲ, ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಾಗದಕ್ಕೆ ಒಂದೇ ಅಣಬೆ ಎಂದು ಮೇಷ್ಟ್ರು ಗಂಟಲು ಹರಿದುಕೊಳ್ಳುತ್ತಿದ್ದರೂ, ಆ ಅಣಬೆ ಸಿಕ್ಕ ದಿನ ಕಾಡಿನಲ್ಲಿ ಕಾಗದ ಸಾಲದೆ ಅವಳು ಎರಡನ್ನು ಒಂದರಲ್ಲೇ ಸುತ್ತಿದ್ದಳು. ಬಿಚ್ಚಿದಾಗ ಬಿಳಿ ಟೋಪಿಯ ಮೇಲೆ ಕಂದು ಪುಡಿ ಕಂಡು, ಬೈಗುಳಕ್ಕೆ ಹೆದರಿ ಹೆಬ್ಬೆರಳಿನಿಂದ ಒರೆಸಿಬಿಟ್ಟಿದ್ದಳು. ಟೋಪಿಯ ಅಡಿಯ ಪದರಗಳಲ್ಲಿ ಕೂತ ಪುಡಿಯನ್ನು ಯಾರು ಒರೆಸಬೇಕು?

"ಏನ್ ಮೇಷ್ಟ್ರೇ," ಕಾರ್ಯದರ್ಶಿ ಇಸೋಗಾಯಿ ನಕ್ಕ, "ಹೆಂಡ್ತಿ ಹೆಸ್ರಿಡೋ ಆತುರದಲ್ಲಿ ಕಣ್ಣಿಗೆ ಮಂಜು ಕವಿದಿತ್ತಾ?"

ಈಗ ಹೇಳು, ಈಗಲೇ ಹೇಳು ಎಂದು ಚಿಗುಸಾಳ ಒಳಗು ಬಡಿದುಕೊಂಡಿತು.

"ಹೂಂ ಕಣಯ್ಯಾ," ಅಂದರು ಮೇಷ್ಟ್ರು. "ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿದ್ದೆ ಅನ್ಸತ್ತೆ. ಊರಿಗೆಲ್ಲಾ ಬುದ್ಧಿ ಹೇಳೋನು ನಾನೇ!"

ಸಭೆಯೆಲ್ಲ ನಕ್ಕಿತು. ಚಿಗುಸಾ ಮೇಷ್ಟ್ರನ್ನೇ ನೋಡಿದಳು. ಆ ಪೊಟ್ಟಣ ಕಟ್ಟಿದವಳು ತಾನೆಂದು ಅವರಿಗೆ ಮರೆತಿದೆಯೇ? ಅವರು ಅವಳ ಕಡೆ ತಿರುಗಿಯೂ ನೋಡದ್ದು ಕಂಡು, ಮರೆತಿಲ್ಲವೆಂದು ತಿಳಿಯಿತು.

"ಸ್ವಂತ ಗುರುಗಳ ತಪ್ಪನ್ನೇ ಹೇಳೋಕೆ ಗುಂಡಿಗೆ ಬೇಕಮ್ಮ," ಅಂದಳು ಮುಂದಿನ ಸಾಲಿನ ಅಜ್ಜಿ. ಜನ ಚಪ್ಪಾಳೆ ತಟ್ಟಿದರು. ಚಿಗುಸಾ ನಾಚಿಕೆಯಿಂದ ಸೊಂಟದವರೆಗೆ ಬಾಗಿದಳು. ಎಷ್ಟು ವಿನಯ ನೋಡಿ ಎಂದು ಯಾರೋ ಅಂದದ್ದು ಕೇಳಿಸಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಬುಟ್ಟಿ ಹಿಡಿದು ಮೇಜಿನ ಹತ್ತಿರ ಬಂದಳು. ಮೇಷ್ಟ್ರ ಮುಖ ನೋಡಿದಳು, ಚಿಗುಸಾಳ ಮುಖ ನೋಡಿದಳು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಮನೇಲಿ ಮಕ್ಕಳೂ ತಿಂತಾರೆ, ಇವ್ರೇ ನೋಡ್ಲಿ."

ಮೇಷ್ಟ್ರು ಮೇಜು ಹಿಡಿದು ಮೆಲ್ಲಗೆ ಎದ್ದು, ಕುರ್ಚಿಯನ್ನು ಚಿಗುಸಾಳತ್ತ ಸರಿಸಿದರು.

"ಕೂತ್ಕೊಳ್ಳಮ್ಮ. ಜನ ಕಾಯ್ತಿದಾರೆ."

ಚಿಗುಸಾ ಕುಳಿತಳು. ಕುರ್ಚಿ ಇನ್ನೂ ಬೆಚ್ಚಗಿತ್ತು.