ಇಳಿಜಾರಿನಲ್ಲಿ ಆರಿಸಿದ ಎಂಜಿನ್

ಗುಜರಿಗೆ ಬಿದ್ದಿದ್ದ ಸೊಳ್ಳೆ ಹೊಗೆಯಂತ್ರದ ಎಂಜಿನ್ನನ್ನು ನನ್ನ ಗಂಡ ಓಸ್ಮೆಲ್ ತನ್ನ ಚೀನಾ ಸೈಕಲ್ಲಿಗೆ ಕಟ್ಟಿದ ದಿನದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಇಂಥ ಸೈಕಲ್ಲಿಗೆ ನಮ್ಮಲ್ಲಿ ರಿಕಿಂಬಿಲಿ ಎನ್ನುತ್ತಾರೆ. ಹೆಸರು ಕೇಳಿದರೆ ಮಕ್ಕಳ ಆಟಿಕೆ ಅನ್ನಿಸಬೇಕು. ಹಿಂದಿನ ಬೀದಿಯ ಬಡಗಿ ಇಂಥದ್ದರ ಮೇಲೆಯೇ ಸತ್ತ. ಪೊಲೀಸರು ಕಂಡರೆ ಕಿತ್ತುಕೊಂಡು ಹೋಗುತ್ತಾರೆ. ಕಿತ್ತುಕೊಳ್ಳಲಿ ಎಂದು ನಾನು ಕರಿದಾದ್ ಮಾತೆಗೆ ಹರಕೆ ಹೊತ್ತಿದ್ದೆ.

ಆದರೆ ಮಗಳನ್ನು ನೋಡಬೇಕಿತ್ತು. ಯುಸಿಮಿಗೆ ಹದಿಮೂರು. ಶಾಲೆಯವರು ಮಕ್ಕಳನ್ನೆಲ್ಲ ಆಲೂಗಡ್ಡೆ ಕೀಳಲು ಹೊಲದ ಶಿಬಿರಕ್ಕೆ ಕರೆದೊಯ್ದಿದ್ದರು. ಭಾನುವಾರ ಹೆತ್ತವರು ಊಟ ಕಟ್ಟಿಕೊಂಡು ಹೋಗುವುದು ರೂಢಿ. ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು, ಶಿಬಿರ ಶುರುವಾದ ಮೇಲೆ ನಾವು ಒಮ್ಮೆಯೂ ಹೋಗಿರಲಿಲ್ಲ.

ಬೇರೆ ದಾರಿಯಿಲ್ಲದೆ ಕ್ಯಾರಿಯರ್ ಮೇಲೆ ಕೂತೆ. ತೊಡೆಯ ಮೇಲೆ ಅನ್ನ, ಕಪ್ಪು ಬೀನ್ಸ್, ಕರಿದ ಬಾಳೆಕಾಯಿಯ ಡಬ್ಬಿ.

"ಬ್ರೇಕ್ ಎಲ್ಲಪ್ಪಾ ಇದಕ್ಕೆ?"

"ಸವೆದುಹೋಗಿದೆ. ಎಂಜಿನ್ ಹಿಂದಿನ ಟೈರಿಗೆ ಒತ್ಕೊಂಡಿರೋವರೆಗೂ ಅದೇ ಹಿಡ್ಕೊಳ್ಳುತ್ತೆ. ಸುಮ್ನೆ ಕೂತ್ಕೊಳ್ಳೇ ಪುಕ್ಕಲಿ."

ಮದ್ರುಗಾ ಊರು ದಾಟಿ ಇಳಿಜಾರಿನ ನೆತ್ತಿಗೆ ಬಂದೆವು. ಓಸ್ಮೆಲ್ ಎಂಜಿನ್ ಆರಿಸಿದ, ಹಿಡಿಕೆ ಎಳೆದು ಅದನ್ನು ಟೈರಿನಿಂದ ಮೇಲೆತ್ತಿಬಿಟ್ಟ. ಇಳಿಜಾರಿನಲ್ಲಿ ಪೆಟ್ರೋಲ್ ಸುಡುವವರು ಯಾರು? ಪೆಟ್ರೋಲ್ ಸಿಗದ ಆ ವರ್ಷಗಳಲ್ಲಿ ಲಾರಿಯವರೂ ಹಾಗೇ ಮಾಡುತ್ತಿದ್ದರು. ಯೋಚನೆಗೆ ಮೊದಲೇ ಕೈ ಆ ಕೆಲಸ ಮುಗಿಸಿರುತ್ತಿತ್ತು.

ಸದ್ದು ನಿಂತಿತು. ಬರೀ ಗಾಳಿ. ಸೈಕಲ್ಲು ಓಡುತ್ತಿರಲಿಲ್ಲ, ಬೀಳುತ್ತಿತ್ತು. ಕೆಳಗೆ ಗೇಟಿಲ್ಲದ ಹಳಿ, ಅದರ ಮೇಲೆ ಕಬ್ಬು ಹೇರಿಕೊಂಡು ಬರುತ್ತಿದ್ದ ರೈಲು.

"ರೈಲು! ನಿಲ್ಸೋ ಮಾರಾಯ!"

"ಹಿಡಿಕೆ ಸಿಕ್ಕಾಕ್ಕೊಂಡಿದೆ ಕಣೇ! ಎಂಜಿನ್ ಮೇಲೆ ಒದಿ! ಜೋರಾಗಿ!"

ಒದ್ದೆ. ಚಪ್ಪಲಿ ಹಾರಿಹೋಯಿತು. ಬರಿಗಾಲಲ್ಲಿ ಮತ್ತೆ ಒದ್ದೆ, ಬಿಸಿ ಕಬ್ಬಿಣಕ್ಕೆ ಚರ್ಮ ಸುಟ್ಟಿತು. ಮಗಳ ಹೆಸರು ಕೂಗಿಕೊಂಡು ಇನ್ನೊಮ್ಮೆ ಒದ್ದಾಗ ಎಂಜಿನ್ ಟೈರಿನ ಮೇಲೆ ಕೂತು ಕಿರ್ರೆಂದಿತು. ಸೈಕಲ್ಲು ಮುಗ್ಗರಿಸಿ ನಮ್ಮನ್ನು ಹಳಿಯ ಪಕ್ಕದ ಜಲ್ಲಿಯ ಮೇಲೆ ಚೆಲ್ಲಿತು. ಡಬ್ಬಿಯನ್ನು ನಾನು ಅವುಚಿಕೊಂಡೇ ಇದ್ದೆ. ರೈಲಿನ ಬೋಗಿಗಳು ತಲೆಯ ಪಕ್ಕದಲ್ಲೇ ಹಾದವು. ನನ್ನ ಲಂಗ ಒದ್ದೆಯಾಗಿತ್ತು. ಪೆಟ್ರೋಲಿನಿಂದಲ್ಲ, ಹೆದರಿಕೆಯಿಂದ.

ಓಸ್ಮೆಲ್ ಅಳುತ್ತಿದ್ದ. "ಈ ಎಂಜಿನ್ ಬಿಚ್ಚಿ ಬಿಸಾಕ್ತೀನಿ ಕಣೇ, ಮಗಳಾಣೆ."

"ಮನೆ ಮುಟ್ಟಿದ ತಕ್ಷಣ ಬಿಚ್ಬೇಕು. ಇನ್ನು ಇದರ ಮೇಲೆ ನಾನು ಕೂರಲ್ಲ, ನೀನೂ ಕೂರಕೂಡದು."

ಶಿಬಿರದವರೆಗೂ ತಳ್ಳಿಕೊಂಡು ಹೋದೆವು. ಯುಸಿಮಿ ಬೇಲಿಯ ಬಳಿ ನಿಂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ಅಲ್ಲೇ ಮಣ್ಣಿನ ಮೇಲೆ ಕೂತು ಕೈ ತೊಳೆಯದೆಯೇ ತಿನ್ನತೊಡಗಿದಳು.

"ಹೋದ ಭಾನುವಾರ ಎಲ್ಲರ ಅಮ್ಮಂದಿರೂ ಬಂದಿದ್ರು," ಎಂದಳು ಬಾಯಿ ತುಂಬ ಅನ್ನ ಇಟ್ಟುಕೊಂಡು. "ನಾನು ಹೊಟ್ಟೆನೋವು ಅಂತ ಸುಳ್ಳು ಹೇಳಿ ಒಳಗೆ ಮಲಗ್ಬಿಟ್ಟೆ. ಇಲ್ಲಾಂದ್ರೆ ಅವ್ರು ಪಾಪ ಅಂತ ತುತ್ತು ಕೊಡ್ತಾರೆ." ಆಮೇಲೆ ತಲೆಯೆತ್ತದೆ ಕೇಳಿದಳು, "ಮುಂದಿನ ವಾರ ಬರ್ತೀರಾ?"

ಓಸ್ಮೆಲ್ ನೆಲ ನೋಡಿದ.

"ಬರ್ತೀವಿ," ಎಂದವಳು ನಾನೇ.

ರಿಕಿಂಬಿಲಿ ಬಿಟ್ಟರೆ ಬರಲು ನಮಗೆ ಬೇರೆ ದಾರಿಯಿರಲಿಲ್ಲ. ಯುಸಿಮಿ ನಕ್ಕು ಮತ್ತೆ ಅನ್ನ ಕಲೆಸಿದಳು. ನಾನು ಗಂಡನ ಮುಖ ನೋಡಲಿಲ್ಲ.